ಕರ್ಣಭೇದನ: ತಿಳಿದವನ ಎದುರು ಆಯ್ದವನು

ತಾಳಮದ್ದಳೆಯ ‘ಕರ್ಣಭೇದನ’ ಪ್ರಸಂಗ ಹೇಗೆ ಮುಗಿಯುತ್ತದೆಂದು ಕೂಟಕ್ಕೆ ಬಂದವರಿಗೆಲ್ಲ ಗೊತ್ತು. ಸಂಧಾನ ಮುರಿದ ಮೇಲೆ ಕೃಷ್ಣ ಕರ್ಣನನ್ನು ರಥಕ್ಕೆ ಹತ್ತಿಸಿಕೊಂಡು ಜನ್ಮರಹಸ್ಯ ತಿಳಿಸುತ್ತಾನೆ, ಪಾಂಡವರ ಅಣ್ಣನಾಗಿ ಪಟ್ಟವೇರು ಎನ್ನುತ್ತಾನೆ. ಕರ್ಣ ಒಲ್ಲೆ ಎನ್ನುತ್ತಾನೆ. ಅವನು ಒಲ್ಲನೆಂದು ಕೃಷ್ಣನಿಗೆ ಮೊದಲೇ ತಿಳಿದಿತ್ತು. ಹಾಗಾದರೆ ಆ ನಿರಾಕರಣೆ ಕರ್ಣನದೇ? ದೇವರು ಬಲ್ಲದ್ದು ತಪ್ಪದೆ ನಡೆಯುವುದಾದರೆ ಮನುಷ್ಯನ ಆಯ್ಕೆಗೆ ಬೆಲೆಯೇನು? ಈ ಪ್ರಶ್ನೆಯನ್ನು ಎತ್ತಿಕೊಳ್ಳಲು ತಾಳಮದ್ದಳೆಯಷ್ಟು ಸಮರ್ಥವಾದ ಕಲೆ ಕನ್ನಡದಲ್ಲಿ ಇನ್ನೊಂದಿಲ್ಲ.

ಕಾರಣ ಅದರ ಕಟ್ಟಿನಲ್ಲೇ ಇದೆ. ಭಾಗವತರು ಹಾಡುವ ಪದ ಬರೆದಿಟ್ಟದ್ದು, ಕಥೆಯ ನಡೆ ನಿಶ್ಚಿತ. ಪಾತ್ರವಾಗಿ ಆಡುವ ಮಾತಿಗೆ, ಅಂದರೆ ಅರ್ಥಕ್ಕೆ, ಮಾತ್ರ ಬರೆದ ಪಠ್ಯವಿಲ್ಲ. ಕರ್ಣ ಒಲ್ಲೆ ಎನ್ನಲೇಬೇಕು. ಏಕೆ ಒಲ್ಲೆ ಎಂಬುದನ್ನು ಅರ್ಥಧಾರಿ ಅಲ್ಲೇ, ಇದಿರಿನವನ ಮಾತು ಕೇಳಿ ಕಂಡುಕೊಳ್ಳಬೇಕು. ಒಬ್ಬ ಸಾಕುತಾಯಿ ರಾಧೆಯ ಋಣವನ್ನು ಹಿಡಿದು ವಾದಿಸಬಹುದು, ಇನ್ನೊಬ್ಬ ಕೌರವ ಇಟ್ಟ ನಂಬಿಕೆಯನ್ನು, ಮತ್ತೊಬ್ಬ ಸೂತಕುಲದ ಹೆಂಡತಿ ಮಕ್ಕಳನ್ನು. ಉತ್ತರ ಒಂದೇ ಆದರೂ ಈ ಮೂವರು ಬೇರೆ ಬೇರೆ ಕರ್ಣರು. ಮನುಷ್ಯನ ಸ್ವಾತಂತ್ರ್ಯ ಫಲಕ್ಕಿಂತ ಹೆಚ್ಚಾಗಿ ಅವನು ಒಪ್ಪಿಕೊಂಡ ಕಾರಣದಲ್ಲಿದೆ ಎಂಬುದನ್ನು ಈ ಕಲೆ ವಾದಿಸದೆಯೇ ತೋರಿಸುತ್ತದೆ.

ಕೂಟ ಸೋಲುವುದೂ ಇಲ್ಲಿಯೇ. ‘ನನ್ನನ್ನು ಹೊಳೆಗೆ ಬಿಟ್ಟ ದಿನ ನೀನೆಲ್ಲಿದ್ದೆ?’ ಎಂದು ಕರ್ಣ ಕೇಳಿದಾಗ ‘ಎಲ್ಲವೂ ನನ್ನ ಲೀಲೆ’ ಎಂದುಬಿಡುವ ಕೃಷ್ಣನಿಗೆ ಚಪ್ಪಾಳೆ ಸಿಗಬಹುದು, ಸಂವಾದ ಮಾತ್ರ ಸತ್ತುಹೋಗುತ್ತದೆ. ಎಲ್ಲವನ್ನೂ ಹಣೆಬರಹಕ್ಕೆ ಹೊರಿಸುವ ಕರ್ಣನೂ ಅಷ್ಟೇ ದುರ್ಬಲ. ವ್ಯಾಸಭಾರತದ ಕರ್ಣ ತನ್ನ ಪಕ್ಷದ ಸೋಲನ್ನು ತಾನೇ ಕಂಡಿದ್ದಾನೆ. ಈ ಗುಟ್ಟು ಧರ್ಮರಾಯನಿಗೆ ತಿಳಿಯದಿರಲಿ, ತಿಳಿದರೆ ಅವನು ರಾಜ್ಯ ಬಿಟ್ಟುಕೊಟ್ಟಾನು, ತಾನದನ್ನು ದುರ್ಯೋಧನನಿಗೇ ಒಪ್ಪಿಸಿಯಾನು ಎಂದು ಕೃಷ್ಣನಿಗೇ ಹೇಳುತ್ತಾನೆ. ಕೊನೆ ಗೊತ್ತಿದ್ದೂ ಆಯ್ದವನನ್ನು ವಿಧಿಯ ಕೈಗೊಂಬೆ ಮಾಡುವುದು ಅನ್ಯಾಯ.

6ನೇ ಶತಮಾನದ ರೋಮನ್ ಚಿಂತಕ ಬೊಯೇಥಿಯಸ್, ನಡೆಯುವವನನ್ನು ನಾವು ನೋಡಿದ ಮಾತ್ರಕ್ಕೆ ಅವನು ನಡೆಯಲೇಬೇಕಾಗುವುದಿಲ್ಲ, ದೇವರ ತಿಳಿವೂ ಅಂಥ ನೋಟವೇ ಎಂದು ವಾದಿಸಿದ. ಕುಮಾರವ್ಯಾಸನ ಕೃಷ್ಣನಿಗೆ ಈ ಸಮರ್ಥನೆ ಸಾಲದು. ಅವನು ಬರೀ ನೋಡುವವನಲ್ಲ. ಗುಟ್ಟು ಹೇಳಿಯೇ ಕರ್ಣನ ತೋಳು ಕಟ್ಟುತ್ತಾನೆ. ತಮ್ಮಂದಿರನ್ನು ಕೊಲ್ಲಲಾರದೆ, ಒಡೆಯನಿಗೆ ಎರಡು ಬಗೆಯಲಾರದೆ ಕರ್ಣ ಒಳಗೇ ಸೀಳಿಹೋಗುತ್ತಾನೆ. 13ನೇ ಶತಮಾನದಲ್ಲಿ ಉಡುಪಿಯಲ್ಲಿ ಬೋಧಿಸಿದ ಮಧ್ವಾಚಾರ್ಯರು ಜೀವದ ಕರ್ತೃತ್ವ ಹರಿಯ ಅಧೀನವೆಂದರೂ ಅದನ್ನು ಸುಳ್ಳೆನ್ನಲಿಲ್ಲ. ಜೀವದ ಸ್ವಭಾವ, ಕರ್ಮ, ಪ್ರಯತ್ನಗಳಿಗೂ ಜಾಗ ಕೊಟ್ಟರು. ಅವನಿಲ್ಲದೆ ಹುಲ್ಲುಕಡ್ಡಿಯೂ ಅಲುಗದೆಂಬ ಅರ್ಧವನ್ನಷ್ಟೇ ಹಿಡಿದು ಪ್ರಯತ್ನವನ್ನು ಕೈಬಿಡುವ ಅರ್ಥಗಾರಿಕೆ ಆ ಸಿದ್ಧಾಂತಕ್ಕೂ ನಿಷ್ಠವಲ್ಲ.

ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಂಥ ಪಾತ್ರಗಳ ಬಾಯಲ್ಲಿ ಅವತಾರಪುರುಷನನ್ನೇ ಪ್ರಶ್ನೆಗೊಡ್ಡಿ ಈ ಕಲೆಯ ಎತ್ತರವನ್ನು ತೋರಿಸಿಕೊಟ್ಟವರು. ಕೃಷ್ಣನ ಅರ್ಥ ಹೇಳುವವರಿಗೆ ಬೇಕಾದದ್ದು ಆ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ. ಸರ್ವಜ್ಞನಾಗಿ ಮಾತಾಡುವ ಕಲಾವಿದನಿಗೂ ಇದಿರಿನವನ ಮುಂದಿನ ಮಾತು ತಿಳಿದಿರುವುದಿಲ್ಲ. ದೇವರ ತಿಳಿವಿನ ಬಗ್ಗೆ ಮನುಷ್ಯ ಆಡುವ ಮಾತಿಗೆಲ್ಲ ಇರುವ ಮಿತಿ ಇದೇ. ಅದನ್ನು ಒಪ್ಪಿಕೊಂಡ ಕೃಷ್ಣನ ಎದುರಿನಲ್ಲಷ್ಟೇ ಕರ್ಣನ ‘ಒಲ್ಲೆ’ ನಿಜವಾಗಿ ಕರ್ಣನದಾಗುತ್ತದೆ.