ಡೀಪ್ ಪರ್ಪಲ್: ವೇದಿಕೆಯ ಮೇಲೆ ಬೆಳೆದ ಸಂಗೀತ

1968ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದ ಡೀಪ್ ಪರ್ಪಲ್ ತಂಡ ಅರ್ಧ ಶತಮಾನ ದಾಟಿದ ಮೇಲೂ ದೇಶದೇಶ ಸುತ್ತಿ ನುಡಿಸುತ್ತಿದೆ. ಇಂಥ ತಂಡಗಳ ಬಗ್ಗೆ ಬರೆಯುವವರು ಹೆಚ್ಚಾಗಿ ಅವುಗಳ ಆಯುಷ್ಯವನ್ನೇ ಕೊಂಡಾಡುತ್ತಾರೆ. ಆದರೆ ಹಳೆಯ ನಾಲ್ಕು ಜನಪ್ರಿಯ ಹಾಡುಗಳಿದ್ದರೆ ಯಾವ ತಂಡವೂ ಬಹುಕಾಲ ಬದುಕಬಹುದು. ಡೀಪ್ ಪರ್ಪಲ್‌ನ ಹೆಚ್ಚುಗಾರಿಕೆ ಬೇರೆಯದು. ರೆಕಾರ್ಡಾದ ಹಾಡನ್ನು ಅದು ಮುಗಿದ ಕೆಲಸವೆಂದು ತಿಳಿಯಲಿಲ್ಲ. ವೇದಿಕೆಯ ಮೇಲೆ ಪ್ರತಿ ರಾತ್ರಿ ಅದನ್ನು ಹೊಸದಾಗಿ ಕಟ್ಟಿತು. ಈ ಗುಣ ಉಳಿದಾಗಲೆಲ್ಲ ತಂಡ ಗೆದ್ದಿದೆ, ಕೈಬಿಟ್ಟಾಗ ಸೊರಗಿದೆ.

ಈ ಗುಣದ ಬೇರು ತಂಡದ ರಚನೆಯಲ್ಲೇ ಇದೆ. ಹಾರ್ಡ್ ರಾಕ್ ಎಂದರೆ ಗಿಟಾರಿನ ಆಳ್ವಿಕೆ ಎಂಬುದು ರೂಢಿಯ ಮಾತು. ಇಲ್ಲಿ ಮಾತ್ರ ರಿಚಿ ಬ್ಲ್ಯಾಕ್‌ಮೋರ್‌ನ ಗಿಟಾರಿಗೆ ಜಾನ್ ಲಾರ್ಡ್‌ನ ಹ್ಯಾಮಂಡ್ ಆರ್ಗನ್ ಸರಿಸಮವಾಗಿ ನಿಂತಿತು. ಲಾರ್ಡ್ ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೊ ಕಲಿತವನು. ಆರ್ಗನ್ನನ್ನು ಗಿಟಾರಿಗೆ ಬಳಸುವ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿ, ಅದರಿಂದ ಒರಟಾದ, ಗುಡುಗುವ ನಾದ ಹೊರಡಿಸಿದ. ಇವರ ಹಿಂದೆ ಕೂತು ಡ್ರಮ್ಸ್ ನುಡಿಸುತ್ತಿದ್ದ ಇಯಾನ್ ಪೇಸ್‌ನ ಕೈಯಲ್ಲಿ ಜಾಝ್‌ನ ಲಾಲಿತ್ಯವಿತ್ತು. 1969ರಲ್ಲಿ ಗಾಯಕ ಇಯಾನ್ ಗಿಲ್ಲನ್ ಮತ್ತು ಬೇಸ್ ವಾದಕ ರೋಜರ್ ಗ್ಲೋವರ್ ಬಂದು ಸೇರಿದರು. ಅದೇ ವರ್ಷ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಜೊತೆಗೆ ಲಾರ್ಡ್‌ನ ಕಾನ್ಸರ್ಟೊ ನುಡಿಸಿದ ತಂಡವೇ ಮರುವರ್ಷ ‘ಇನ್ ರಾಕ್’ ಎಂಬ ಬಿರುಸಿನ ಆಲ್ಬಂ ಹೊರತಂದಿತು.

1971ರ ಡಿಸೆಂಬರಿನಲ್ಲಿ ‘ಮಷೀನ್ ಹೆಡ್’ ಆಲ್ಬಂಗಾಗಿ ತಂಡ ಸ್ವಿಟ್ಜರ್ಲೆಂಡಿನ ಮಾಂಟ್ರೊಗೆ ಹೋಯಿತು. ರೆಕಾರ್ಡಿಂಗಿಗೆ ಗೊತ್ತುಮಾಡಿದ್ದ ಕ್ಯಾಸಿನೊ, ಸಂಗೀತಗಾರ ಫ್ರಾಂಕ್ ಝಾಪಾನ ಕಛೇರಿಯ ವೇಳೆ ಪ್ರೇಕ್ಷಕನೊಬ್ಬ ಹಾರಿಸಿದ ಫ್ಲೇರ್‌ನಿಂದ ಸುಟ್ಟುಹೋಯಿತು. ಪಕ್ಕದ ಸರೋವರದ ಮೇಲೆ ಹಬ್ಬಿದ ಆ ಹೊಗೆಯಿಂದ ‘ಸ್ಮೋಕ್ ಆನ್ ದ ವಾಟರ್’ ಹುಟ್ಟಿದ ಕತೆ ಎಲ್ಲರಿಗೂ ಗೊತ್ತು. ಅದಕ್ಕಿಂತ ಮುಖ್ಯವಾದದ್ದು ಆಮೇಲಿನ ಕೆಲಸ. ಚಳಿಗಾಲಕ್ಕೆ ಬಾಗಿಲು ಹಾಕಿದ್ದ ಗ್ರ್ಯಾಂಡ್ ಹೋಟೆಲಿನ ಕಾರಿಡಾರಿನಲ್ಲಿ ಹಾಸಿಗೆಗಳನ್ನು ನಿಲ್ಲಿಸಿ, ಗದ್ದಲ ತಡೆದು ನುಡಿಸಿದರು. ರೆಕಾರ್ಡಿಂಗ್ ವ್ಯಾನು ಹೊರಗೆ ನಿಂತಿತ್ತು. ನುಡಿಸಿದ್ದನ್ನು ಕೇಳಬೇಕೆಂದರೆ ಕೋಣೆ, ಬಾಲ್ಕನಿಗಳನ್ನು ಹಾದು ಅಲ್ಲಿಯವರೆಗೆ ಹೋಗಬೇಕಿತ್ತು. ಆ ಓಡಾಟ ಬೇಸರವಾಗಿ, ಮತ್ತೆ ಮತ್ತೆ ಕೇಳಿ ತಿದ್ದುವ ಗೋಜನ್ನೇ ಬಿಟ್ಟರು. ಸ್ಟುಡಿಯೊ ಆಲ್ಬಂ ಆಗಿದ್ದರೂ ಅದರಲ್ಲಿ ಒಂದೇ ಉಸಿರಿನಲ್ಲಿ ನುಡಿಸಿದ ಬಿಸಿ ಇರುವುದು ಹೀಗಾಗಿ.

1972ರ ಆಗಸ್ಟಿನಲ್ಲಿ ಒಸಾಕಾದಲ್ಲಿ ಎರಡು ರಾತ್ರಿ, ಟೋಕಿಯೊದಲ್ಲಿ ಒಂದು ರಾತ್ರಿ ನುಡಿಸಿದ್ದನ್ನು ಆಯ್ದು ‘ಮೇಡ್ ಇನ್ ಜಪಾನ್’ ಸಿದ್ಧವಾಯಿತು. ಜಪಾನಿನ ಕೇಳುಗರಿಗೆ ಮಾತ್ರ ಎಂದುಕೊಂಡಿದ್ದ ಈ ಆಲ್ಬಂ ಜಗತ್ತನ್ನೇ ಸುತ್ತಿತು. ಅದರಲ್ಲಿರುವುದು ಏಳೇ ಹಾಡು. ಸ್ಟುಡಿಯೊದಲ್ಲಿ ಐದು ನಿಮಿಷವೂ ಹಿಡಿಯದ ‘ಸ್ಪೇಸ್ ಟ್ರಕಿನ್’ ಇಲ್ಲಿ ಸುಮಾರು ಇಪ್ಪತ್ತು ನಿಮಿಷ ಬೆಳೆದು, ಎಲ್‌ಪಿಯ ಒಂದು ಬದಿಯನ್ನು ಪೂರ್ತಿ ತುಂಬಿತು. ಗಿಲ್ಲನ್ ಹಾಡಿ ಪಕ್ಕಕ್ಕೆ ಸರಿಯುತ್ತಾನೆ. ಲಾರ್ಡ್ ಆರ್ಗನ್ನಿನಲ್ಲಿ ಎಲ್ಲಿಗೋ ಹೊರಡುತ್ತಾನೆ. ಪೇಸ್ ಅವನ ಹೆಜ್ಜೆ ಹಿಡಿದು ಲಯ ಬದಲಿಸುತ್ತಾನೆ. ಬ್ಲ್ಯಾಕ್‌ಮೋರ್ ತಡೆದು ನಿಂತು ಗಿಟಾರಿನಲ್ಲಿ ಉತ್ತರ ಕೊಡುತ್ತಾನೆ. ಒಬ್ಬರ ಮಾತನ್ನು ಮತ್ತೊಬ್ಬರು ಕಿವಿಗೊಟ್ಟು ಕೇಳದೆ ಹೀಗೆ ನುಡಿಸಲಾಗದು. ಹಾರ್ಡ್ ರಾಕ್ ಬರೀ ಅಬ್ಬರವೆಂದು ಮೂಗು ಮುರಿಯುವವರಿಗೆ ಈ ಆಲ್ಬಮ್ಮೇ ಉತ್ತರ.

ಆದರೆ ತಂಡವನ್ನು ಬೆಳೆಸಿದ ಪ್ರವಾಸವೇ ಅದನ್ನು ಒಡೆಯಿತು ಕೂಡ. ಬೇಡಿಕೆ ಇರುವಾಗಲೇ ದುಡಿಸಿಕೊಳ್ಳಬೇಕೆಂಬ ಆತುರದಲ್ಲಿ ವ್ಯವಸ್ಥಾಪಕರು ಪ್ರವಾಸದ ಮೇಲೆ ಪ್ರವಾಸ ಹೇರಿದರು. ಕಾಯಿಲೆ, ದಣಿವು, ಬ್ಲ್ಯಾಕ್‌ಮೋರ್–ಗಿಲ್ಲನ್ ವೈಮನಸ್ಯ ಎಲ್ಲವೂ ಸೇರಿ 1973ರಲ್ಲಿ ಗಿಲ್ಲನ್ ಮತ್ತು ಗ್ಲೋವರ್ ಹೊರನಡೆದರು. ಗಾಯಕ ಡೇವಿಡ್ ಕವರ್‌ಡೇಲ್, ಬೇಸ್ ವಾದಕ ಗ್ಲೆನ್ ಹ್ಯೂಸ್ ಬಂದ ಮೇಲೆ ‘ಬರ್ನ್’ ಎಂಬ ಒಳ್ಳೆಯ ಆಲ್ಬಂ ಬಂತು, ನಿಜ. ಆದರೆ 1975ರಲ್ಲಿ ಬ್ಲ್ಯಾಕ್‌ಮೋರ್ ಕೂಡ ಬಿಟ್ಟ. ಆ ವರ್ಷದ ಜಕಾರ್ತಾ ಪ್ರವಾಸದಲ್ಲಿ ಸಿಬ್ಬಂದಿಯೊಬ್ಬ ಸತ್ತ. 1976ರ ಮಾರ್ಚಿನಲ್ಲಿ ತಂಡ ಮುರಿಯಿತು. ಬ್ಲ್ಯಾಕ್‌ಮೋರ್‌ನ ಜಾಗಕ್ಕೆ ಬಂದಿದ್ದ ಟಾಮಿ ಬೋಲಿನ್ ಅದೇ ಡಿಸೆಂಬರಿನಲ್ಲಿ ಮಾದಕ ದ್ರವ್ಯಕ್ಕೆ ಬಲಿಯಾದ. ಎಂಟೇ ವರ್ಷದಲ್ಲಿ ಇಷ್ಟನ್ನೆಲ್ಲ ಕಂಡ ತಂಡದ ಕತೆಯನ್ನು ವೈಭವದ ಕತೆಯಾಗಿ ಮಾತ್ರ ಹೇಳುವುದು ಅನ್ಯಾಯ.

ಇಷ್ಟು ಜನ ಬಂದುಹೋದ ಮೇಲೆ ಇದು ಅದೇ ತಂಡವೇ? ಎಲ್ಲ ಆವೃತ್ತಿಗಳಲ್ಲೂ ಇದ್ದವನು ಪೇಸ್ ಒಬ್ಬನೇ. ಯಕ್ಷಗಾನ ಮೇಳದಲ್ಲಿ ಭಾಗವತರು, ವೇಷಧಾರಿಗಳು ಬದಲಾದರೂ ಮೇಳ ನಡೆಯುತ್ತದೆ; ಆದರೆ ತಿಟ್ಟು ಗೊತ್ತಿಲ್ಲದವರು ಹೆಸರು ಹಾಕಿಕೊಂಡ ಮಾತ್ರಕ್ಕೆ ಅದು ಮೇಳವಾಗುವುದಿಲ್ಲ. 1980ರಲ್ಲಿ ಮೊದಲ ಗಾಯಕ ರಾಡ್ ಇವಾನ್ಸ್ ಯಾರ‍್ಯಾರನ್ನೋ ಕಟ್ಟಿಕೊಂಡು ಇದೇ ಹೆಸರಿನಲ್ಲಿ ಅಮೆರಿಕ ಸುತ್ತಿದಾಗ ನ್ಯಾಯಾಲಯ ಅದನ್ನು ತಡೆಯಿತು. 1984ರಲ್ಲಿ ಹಳಬರು ಮತ್ತೆ ಕೂಡಿದ ತಂಡಕ್ಕೆ 1994ರಲ್ಲಿ ಬಂದ ಗಿಟಾರ್ ವಾದಕ ಸ್ಟೀವ್ ಮೋರ್ಸ್‌ನ ಕತೆ ಬೇರೆ. ಅವನು ಬ್ಲ್ಯಾಕ್‌ಮೋರ್‌ನ ನೆರಳಾಗಲಿಲ್ಲ. ತನ್ನದೇ ರೀತಿಯಲ್ಲಿ ನುಡಿಸುತ್ತಾ 2022ರವರೆಗೆ ತಂಡವನ್ನು ಹೊತ್ತ. ಬೆಂಗಳೂರಿನ ಅರಮನೆ ಮೈದಾನಕ್ಕೆ 2001ರಲ್ಲಿ ಬಂದದ್ದು ಇವನಿದ್ದ ತಂಡ. ಲಾರ್ಡ್ 2002ರಲ್ಲಿ ನಿವೃತ್ತನಾಗಿ ಡಾನ್ ಏರಿಗೆ ಜಾಗ ಬಿಟ್ಟ, 2012ರಲ್ಲಿ ತೀರಿಕೊಂಡ.

ಆಕ್ಷೇಪಗಳೂ ಇವೆ. 1984ರ ಪುನರ್ಮಿಲನದಿಂದ ‘ಪರ್ಫೆಕ್ಟ್ ಸ್ಟ್ರೇಂಜರ್ಸ್’ನಂಥ ಗಟ್ಟಿ ಆಲ್ಬಂ ಬಂತಾದರೂ, ಆಮೇಲಿನ ಒಂದು ದಶಕದ ಆಲ್ಬಂಗಳಲ್ಲಿ ಹಳೆಯ ಜಗಳ ಕೇಳಿಸುವಷ್ಟು ಹೊಸ ಸಂಗೀತ ಕೇಳಿಸುವುದಿಲ್ಲ. ಕಛೇರಿಯ ಹಾಡುಗಳ ಪಟ್ಟಿಯಲ್ಲಿ ‘ಮಷೀನ್ ಹೆಡ್’ನ ಭಾರ ಇಂದಿಗೂ ಮಿತಿಮೀರಿದೆ. ಕೇಳುಗರು ಕೇಳುತ್ತಾರೆ ಎಂಬುದು ಸಮಜಾಯಿಷಿಯೇ ಹೊರತು ಸಮರ್ಥನೆಯಲ್ಲ. ಆದರೆ ‘ಚೈಲ್ಡ್ ಇನ್ ಟೈಮ್’ನ ತಾರಸ್ಥಾಯಿಯ ಕೂಗು ವಯಸ್ಸಾದ ಕಂಠಕ್ಕೆ ಎಟುಕದೆಂದು ಗಿಲ್ಲನ್ ಅದನ್ನು ಹಾಡುವುದನ್ನೇ ಬಿಟ್ಟದ್ದು ಪ್ರಾಮಾಣಿಕ ನಿರ್ಧಾರ. ಅದನ್ನು ಕೆಳಗಿಳಿಸಿ ಹಾಡಿ ಚಪ್ಪಾಳೆ ಗಿಟ್ಟಿಸುವುದು ಕಷ್ಟವಿರಲಿಲ್ಲ.

2013ರ ‘ನೌ ವಾಟ್?!’ನಿಂದ ತಂಡಕ್ಕೆ ಮತ್ತೆ ಜೀವ ಬಂತು. ನಿರ್ಮಾಪಕ ಬಾಬ್ ಎಜ್ರಿನ್, ರೇಡಿಯೊಗೆ ಒಗ್ಗುವ ಚಿಕ್ಕ ಹಾಡುಗಳ ಚಿಂತೆ ಬಿಟ್ಟು ವೇದಿಕೆಯ ಮೇಲಿನ ವಾದನವನ್ನೇ ಸ್ಟುಡಿಯೊಗೆ ತರಲು ತಂಡವನ್ನು ಹಚ್ಚಿದ. ‘ಇನ್ಫಿನಿಟ್’, ‘ವೂಶ್!’, 2024ರ ‘ಈಕ್ವಲ್ಸ್ ಒನ್’ ಅದೇ ದಾರಿಯಲ್ಲಿ ಬಂದವು. ಈಗಿನ ಗಿಟಾರ್ ವಾದಕ ಸೈಮನ್ ಮೆಕ್‌ಬ್ರೈಡ್ ಹುಟ್ಟಿದ್ದು 1979ರಲ್ಲಿ, ತಂಡ ಮೊದಲ ಸಲ ಮುರಿದ ಮೂರು ವರ್ಷದ ಮೇಲೆ. ಎಂಬತ್ತರ ಆಸುಪಾಸಿನ ಗಿಲ್ಲನ್, ಗ್ಲೋವರ್, ಪೇಸ್ ಜೊತೆ ಅವನು ಅಂಜದೆ ನುಡಿಸುತ್ತಾನೆ, ಅವರು ಅವನಿಗೆ ದಾರಿ ಬಿಡುತ್ತಾರೆ.

ಹಾರ್ಡ್ ರಾಕಿನ ಹಿರಿಯ ತಂಡಗಳಲ್ಲಿ ಹಲವು ಇಂದು ತಮ್ಮ ನೆನಪನ್ನೇ ಮಾರಿ ಬದುಕುತ್ತಿವೆ. ಡೀಪ್ ಪರ್ಪಲ್ ಕೂಡ ಆ ಆಮಿಷಕ್ಕೆ ಆಗಾಗ ಬಿದ್ದಿದೆ, ಬಿದ್ದಾಗ ಅದರ ಸಂಗೀತವೂ ಬಡವಾಗಿದೆ. ಆದರೂ ಎದುರಿಗಿರುವವನ ವಾದನಕ್ಕೆ ಕಿವಿಗೊಟ್ಟು ನುಡಿಸುವ ಪಾಠವನ್ನು ಈ ಪರಂಪರೆಗೆ ಇಷ್ಟು ಚೆನ್ನಾಗಿ ಕಲಿಸಿದ ತಂಡ ಇನ್ನೊಂದಿಲ್ಲ. ಹೊಸದಾಗಿ ಕೇಳುವವರು ‘ಸ್ಮೋಕ್ ಆನ್ ದ ವಾಟರ್’ನ ರಿಫ್‌ಗೇ ನಿಲ್ಲಬೇಡಿ, ‘ಮೇಡ್ ಇನ್ ಜಪಾನ್’ ಅನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಕೇಳಿ.