ಸಂಶೋಧನಾ ಜಾಲವೂ ಅಂಚಿನ ಕಾಲೇಜೂ: ಒಂದು ವಿಮರ್ಶೆ

ಸಹ್ಯಾದ್ರಿಯ ಜೀವವೈವಿಧ್ಯವನ್ನು ದಾಖಲಿಸುವುದಕ್ಕಾಗಿ ಕಾಲೇಜುಗಳ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಒಂದು ಜಾಲದೊಳಗೆ ಕೂಡಿಸಿದ ಪ್ರಯತ್ನವನ್ನು ಪ್ರೊ. ಮಾಧವ ಗಾಡ್ಗೀಳರು 1996ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ನಿರೂಪಿಸಿದರು. ಲೇಖನದ ಶೀರ್ಷಿಕೆಯಲ್ಲಿಯೇ ಅದನ್ನು ‘ಪ್ರಯೋಗ’ವೆಂದು ಕರೆದಿದ್ದಾರೆ. ಪ್ರಯೋಗವೆಂದ ಮೇಲೆ ಅದರ ಫಲವನ್ನು ಪರೀಕ್ಷಿಸುವ ಅಧಿಕಾರ ವಾಚಕರಿಗೆ ತಾನಾಗಿಯೇ ಪ್ರಾಪ್ತವಾಗುತ್ತದೆ.

ಈ ಯೋಜನೆಯ ಗುಣ ನಿರ್ವಿವಾದವಾದುದು. ಕಾಲೇಜೆಂದರೆ ಪಾಠ ಹೇಳುವ ಸ್ಥಳ, ಸಂಶೋಧನೆಯೆಂದರೆ ವಿಶ್ವವಿದ್ಯಾಲಯದ ಇಲ್ಲವೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಕಾರ್ಯ ಎಂಬ ರೂಢಮೂಲ ಭಾವನೆಯನ್ನು ಅದು ಅಲುಗಿಸಿತು. ಎಲ್ಲರೂ ಒಂದೇ ಪದ್ಧತಿಯನ್ನು ಅನುಸರಿಸಿದರೆ ಒಂದು ಊರಿನ ಗದ್ದೆಯ ಎಣಿಕೆಯನ್ನು ಮತ್ತೊಂದು ಊರಿನ ಗದ್ದೆಯ ಎಣಿಕೆಯೊಡನೆ ಹೋಲಿಸಬಹುದು. ಆದರೆ ಏಕರೂಪದ ಪದ್ಧತಿಗೆ ಒಂದು ಅಪಾಯವೂ ಅಂಟಿಕೊಂಡಿದೆ. ಪದ್ಧತಿ ಕೇಂದ್ರದಲ್ಲಿ ರೂಪುಗೊಂಡರೆ ಪ್ರಶ್ನೆಯೂ ಅಲ್ಲಿಯೇ ಹುಟ್ಟುತ್ತದೆ. ಅಂಚಿನ ಅಧ್ಯಾಪಕನಿಗೆ ಉಳಿಯುವುದು ಎಣಿಕೆಯ ಕೆಲಸ ಮಾತ್ರ.

ಜೋಯಿಡಾ ತಾಲೂಕಿನ ಗಣೇಶಗುಡಿಯನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸಬಹುದು. ಇಲ್ಲಿ ಕಾಳಿ ನದಿಗೆ ಅಡ್ಡಲಾಗಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು 1987ರಲ್ಲಿ ಪೂರ್ಣಗೊಂಡಿತು. ಹಳೆಯ ಸೂಪಾ ಊರು ನೀರಿನಡಿ ಸೇರಿತು. ಬೇಸಗೆಯಲ್ಲಿ ಜಲಾಶಯ ಇಳಿದಾಗ ತೆರೆದುಕೊಳ್ಳುವ ದಂಡೆಯಲ್ಲಿ ಯಾವ ಸಸ್ಯಗಳು ಮೊದಲು ನೆಲೆಯೂರುತ್ತವೆ? ಹರಿವು ನಿಂತ ನೀರಿನಲ್ಲಿ ಹೊಳೆಯ ಯಾವ ಮೀನುಗಳು ಉಳಿಯುತ್ತವೆ? ಇಂಥ ಪ್ರಶ್ನೆಗಳಿಗೆ ವರ್ಷದ ಹನ್ನೆರಡು ತಿಂಗಳೂ ಸ್ಥಳದಲ್ಲಿರುವ, ಹತ್ತು ವರ್ಷ ಬಿಡದೆ ನೋಡುವ ಕಣ್ಣು ಬೇಕು. ಅದು ದಾಂಡೇಲಿ, ಹಳಿಯಾಳ, ಜೋಯಿಡಾಗಳ ವಿದ್ಯಾರ್ಥಿಗಳಿಗೆ ಸುಲಭ. ಮಳೆಗಾಲ ಮುಗಿದ ಬಳಿಕ ಬಂದು ಹೋಗುವ ತಜ್ಞನಿಗೆ ಕಷ್ಟ. ಅಣೆಕಟ್ಟಿನ ಕಾಲದಲ್ಲಿ ಸಿಡಿಮದ್ದು ಇಟ್ಟಿದ್ದ ಇಲ್ಲಿಯ ಕಟ್ಟಡ ಇಂದು ಹಕ್ಕಿ ನೋಡುವವರ ತಂಗುದಾಣ. ಪ್ರವಾಸಿಗಳು ತೆಗೆದ ಚಿತ್ರಗಳು ಹಕ್ಕಿ ಇದೆಯೆಂಬುದನ್ನು ಹೇಳುತ್ತವೆ. ಹೆಚ್ಚಿತೋ ಕುಗ್ಗಿತೋ ಎಂಬುದನ್ನು ಹೇಳಲಾರವು.

ಪ್ರಶ್ನೆ ಸ್ಥಳದಲ್ಲಿಯೇ ಹುಟ್ಟಿದರೆ ಏನಾಗುತ್ತದೆಂಬುದಕ್ಕೆ ಗಾಡ್ಗೀಳರದೇ ಹಿಂದಿನ ಕೆಲಸವೊಂದು ಸಾಕ್ಷಿ. 1970ರ ದಶಕದಲ್ಲಿ ಅವರು ಕರ್ನಾಟಕದ ಕಾಡುಗಳಲ್ಲಿ, ದಾಂಡೇಲಿಯ ಕಾಗದದ ಗಿರಣಿಗೆ ಕಚ್ಚಾವಸ್ತುವಾಗಿದ್ದ ಬಿದಿರನ್ನು ಅಭ್ಯಸಿಸಿದರು. ಮೆಳೆಯ ಬುಡದ ಮುಳ್ಳನ್ನು ಸವರಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆಂಬುದು ಅಂದಿನ ಅರಣ್ಯಶಾಸ್ತ್ರದ ನಂಬಿಕೆ. ಮುಳ್ಳು ಹೋದರೆ ಎಳೆಯ ಕಳಲೆ ದನ-ಮೃಗಗಳ ಬಾಯಿಗೆ ಬೀಳುತ್ತದೆಂದು ಹಳ್ಳಿಗರು ಹೇಳುತ್ತಿದ್ದರು. ಕ್ಷೇತ್ರಾಧ್ಯಯನ ಹಳ್ಳಿಗರ ಮಾತನ್ನೇ ಸಮರ್ಥಿಸಿತು. ನಮೂನೆಯ ಕಾಗದವನ್ನು ತುಂಬಿ ಕಳುಹಿಸುವುದರಿಂದ ಮಾತ್ರ ಇಂಥ ಫಲ ದೊರೆಯುವುದಿಲ್ಲ.

ಈ ದೃಷ್ಟಿಯಿಂದ ಆಫ್ರಿಕೆಯ ಉದಾಹರಣೆ ನಮಗೆ ಹೆಚ್ಚು ಬೋಧಪ್ರದ. ಪೂರ್ವ ಹಾಗೂ ಮಧ್ಯ ಆಫ್ರಿಕೆಯ ರಸಾಯನಶಾಸ್ತ್ರಜ್ಞರು ಸಸ್ಯಜನ್ಯ ದ್ರವ್ಯಗಳ ಅಧ್ಯಯನಕ್ಕಾಗಿ 1984ರಲ್ಲಿಯೇ ‘ನಾಪ್ರೆಕಾ’ ಎಂಬ ಜಾಲವನ್ನು ಕಟ್ಟಿಕೊಂಡರು. 2008ರಲ್ಲಿ ಆರಂಭವಾದ ‘ರೈಸ್’ ಯೋಜನೆ ಹಲವು ದೇಶಗಳ ವಿಶ್ವವಿದ್ಯಾಲಯಗಳನ್ನು ವಿಷಯವಾರು ಜಾಲಗಳಲ್ಲಿ ಜೋಡಿಸಿತು. ಅಭ್ಯಾಸಿಯೊಬ್ಬನು ಒಂದೆಡೆ ಹೆಸರು ನೋಂದಾಯಿಸಿ, ಇನ್ನೊಂದೆಡೆಯ ಪ್ರಯೋಗಾಲಯವನ್ನು ಬಳಸಿ, ಡಾಕ್ಟರೇಟ್ ಪಡೆದು, ಆಫ್ರಿಕೆಯ ವಿಶ್ವವಿದ್ಯಾಲಯದಲ್ಲಿಯೇ ಅಧ್ಯಾಪಕನಾಗಬೇಕೆಂಬುದು ಅದರ ಉದ್ದೇಶ. ಹಣ ಅಮೆರಿಕದ ಕಾರ್ನೆಗೀ ನಿಧಿಯದು. ಪರದೇಶದ ಹಣದ ಮೇಲೆ ನಿಂತ ಸಂಸ್ಥೆಯ ಆಯುಷ್ಯದ ಬಗೆಗೆ ಸಂದೇಹ ಸಹಜವೇ. ಆದರೂ ಅದು ತನ್ನ ಫಲವನ್ನು ತರಬೇತಿ ಹೊಂದಿದ ಮನುಷ್ಯರಲ್ಲಿ ಅಳೆಯಿತು. ನಮ್ಮ ಜಾಲಗಳು ಪ್ರಭೇದಗಳನ್ನು ಎಣಿಸುತ್ತವೆ, ಅಧ್ಯಾಪಕರನ್ನು ಎಣಿಸುವುದಿಲ್ಲ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಇದರಲ್ಲಿ ಮಾಡಬಹುದಾದ ಕೆಲಸವಿದೆ. ಕಾಳಿ ಕಣಿವೆಯಲ್ಲಿ ನಡೆಯುವ ಪ್ರತಿಯೊಂದು ಪ್ರಬಂಧಕ್ಕೂ ಸ್ಥಳೀಯ ಕಾಲೇಜಿನ ಅಧ್ಯಾಪಕನೊಬ್ಬ ಸಹಮಾರ್ಗದರ್ಶಕನಾಗಿರಲಿ. ಒಣಗಿಸಿದ ಸಸ್ಯಮಾದರಿಗಳ ಒಂದು ಪ್ರತಿ ದಾಂಡೇಲಿಯಲ್ಲಿಯೇ ಉಳಿಯಲಿ. ಪ್ರಕಟಣೆಯಲ್ಲಿ ಅವನ ಹೆಸರು ಕೃತಜ್ಞತೆಯ ಸಾಲಿನಿಂದ ಮೇಲೇರಿ ಲೇಖಕರ ಸಾಲಿಗೆ ಬರಲಿ. ಇದಕ್ಕೆ ಬೇಕಾದುದು ದೊಡ್ಡ ನಿಧಿಯಲ್ಲ, ನಿಯಮಾವಳಿಯಲ್ಲಿ ಒಂದು ತಿದ್ದುಪಡಿ.