ಆತಕೂರಿನ ಕಾಳಿ: ನಾಯಿಯ ಸಾವು ಮತ್ತು ಸ್ಮರಣೆಯ ಕಟ್ಟಳೆ

ಆತಕೂರು ಶಾಸನದಷ್ಟು ಪದೇ ಪದೇ ಉಲ್ಲೇಖಗೊಂಡೂ ಅಷ್ಟೇ ಅರೆಯಾಗಿ ಓದಲ್ಪಟ್ಟ ಕನ್ನಡ ಶಾಸನ ಇನ್ನೊಂದಿರಲಾರದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ನಿಂತಿದ್ದ ಈ ಕಲ್ಲಿನ ಕಾಲ ಶಕ ವರ್ಷ 872ರ ಸೌಮ್ಯ ಸಂವತ್ಸರ, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗರ ಇಮ್ಮಡಿ ಬೂತುಗ, ಚೋಳ ರಾಜಾದಿತ್ಯ, ತಕ್ಕೋಲದ ಕಾಳಗ – ದಕ್ಷಿಣ ಭಾರತದ ರಾಜಕೀಯ ಚರಿತ್ರೆಗೆ ಬೇಕಾದ ಇಷ್ಟೂ ಹೆಸರುಗಳು ಇಲ್ಲಿವೆ. ಆದ್ದರಿಂದಲೇ ಚರಿತ್ರೆಕಾರರು ಈ ಕಲ್ಲಿಗೆ ಮುಗಿಬಿದ್ದರು. ಆದರೆ ಕಲ್ಲನ್ನು ನಿಲ್ಲಿಸಿದ್ದು ಅರಸನಿಗಾಗಿಯೂ ಅಲ್ಲ, ಕಾಳಗಕ್ಕಾಗಿಯೂ ಅಲ್ಲ. ಅದು ನಿಂತದ್ದು ಕಾಳಿ ಎಂಬ ಹೆಸರಿನ ಒಂದು ಬೇಟೆನಾಯಿಗಾಗಿ. ಕಲ್ಲಿನ ಮೇಲೆ ಬಿಡಿಸಿರುವುದೂ ಅರಸರನ್ನಲ್ಲ. ಒಂದರ ಮೇಲೊಂದು ಎರಗಿದ ನಾಯಿ ಮತ್ತು ಕಾಡುಹಂದಿಯನ್ನು.

ಈ ಶಾಸನವನ್ನು ಕುರಿತ ಚರ್ಚೆಯ ಇತಿಹಾಸವೇ ಒಂದು ಸ್ವಾರಸ್ಯಕರ ಪ್ರಸಂಗ. ರಾಜಾದಿತ್ಯನನ್ನು ಬೂತುಗ ಕೊಂದ ಬಗೆಯನ್ನು ಹೇಳುವ ಒಂದು ಪದಪುಂಜದ ಮೇಲೆ ವಿದ್ವಾಂಸರು ಸಾಕಷ್ಟು ಶ್ರಮ ವ್ಯಯಿಸಿದ್ದಾರೆ. ಅದನ್ನು ಮೋಸದ ಕೊಲೆಯೆಂದು ಮೊದಲು ಅರ್ಥೈಸಿದ್ದ ಫ್ಲೀಟ್, ಆನೆಯ ಅಂಬಾರಿಯನ್ನೇ ಕಣವಾಗಿಸಿಕೊಂಡು ಇರಿದನೆಂಬ ಅರ್ಥಕ್ಕೆ ಅನಂತರ ತಿದ್ದಿಕೊಂಡರು. ಅರಸನೊಬ್ಬನ ಮಾನಾಪಮಾನದ ಪ್ರಶ್ನೆಯಾದ್ದರಿಂದ ಈ ಎಚ್ಚರ ಸಹಜವೇ. ಆದರೆ ಅದೇ ಕಲ್ಲಿನ ಕಡೆಯ ಸಾಲುಗಳಲ್ಲಿ ಬರುವ ‘ನಾಯಿ ಗೈದ ಪಾಪ’ ಎಂಬ ವಿಚಿತ್ರ ಮಾತಿಗೆ ಆ ಶ್ರಮದ ಹತ್ತರಲ್ಲೊಂದು ಪಾಲೂ ಸಂದಂತಿಲ್ಲ. ಶಾಸನದ ನಾಯಿ ಚರಿತ್ರೆಯ ಪಠ್ಯಗಳಲ್ಲಿ ಒಂದು ಕುತೂಹಲದ ಅಡಿಟಿಪ್ಪಣಿಯಾಗಿ ಉಳಿಯಿತು.

ಶಾಸನ ಹೇಳುವ ಕಥನ ಹೀಗಿದೆ. ಬೂತುಗನ ಆಳು, ಸಗರ ವಂಶದ ಮಣಲೇರ ತಕ್ಕೋಲದಲ್ಲಿ ಒಡೆಯನ ಕಣ್ಣೆದುರಿಗೇ ಕಾದಿದ. ಮೆಚ್ಚಿದ ಒಡೆಯ ಬೇಕಾದುದನ್ನು ಬೇಡಿಕೊಳ್ಳೆಂದಾಗ ಅವನು ಬೇಡಿದ್ದು ಕಾಳಿಯನ್ನು. ಇದೇ ಗೆಲುವಿಗೆ ಕೃಷ್ಣನು ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಎಂಬ ನಾಡುಗಳನ್ನೇ ಕೊಟ್ಟ ಸಂಗತಿಯೂ ಇಲ್ಲಿದೆ. ಮಣಲೇರನಿಗೂ ಬಾಳ್ಗಚ್ಚಾಗಿ, ಅಂದರೆ ಕತ್ತಿ ತೊಳೆದ ಉಂಬಳಿಯಾಗಿ, ಆತಕೂರು ಹನ್ನೆರಡು ದಕ್ಕಿತು. ನೆಲವು ಒಡೆಯನ ರೂಢಿಯ ಕೊಡುಗೆಯಾದರೆ ನಾಯಿಯು ಆಳು ತಾನಾಗಿ ಬಾಯಿಬಿಟ್ಟು ಕೇಳಿದ ಕೊಡುಗೆ. ಈ ವ್ಯತ್ಯಾಸವನ್ನು ಶಾಸನಕವಿ ಉದ್ದೇಶಪೂರ್ವಕವಾಗಿ ತಂದನೋ ಇಲ್ಲವೋ, ಓದುವವರ ಗಮನಕ್ಕೆ ಬರಲೇಬೇಕಾದ ಸಂಗತಿಯಿದು. ಮುಂದೆ ಕೆಳಲೆನಾಡಿನ ಬೆಳತೂರಿನ ಗುಡ್ಡದ ಬಳಿ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ, ಹಂದಿಯೂ ನಾಯಿಯೂ ಜೊತೆಯಲ್ಲೇ ಸತ್ತವು.

ಅತ್ತರೆಂದಾಗಲಿ ಮರುಗಿದರೆಂದಾಗಲಿ ಶಾಸನದಲ್ಲಿ ಒಂದು ಮಾತೂ ಇಲ್ಲ. ಸತ್ತವು ಎಂಬಲ್ಲಿಗೆ ಸುದ್ದಿ ಮುಗಿದು, ಅದಕ್ಕಾಗಿ ಕಲ್ಲು ನಡೆಸಿದ್ದು, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣನ್ನು ಬಿಟ್ಟದ್ದು ಒಡನೆಯೇ ಬರುತ್ತದೆ. ಈ ಮೌನವನ್ನು ಭಾವದ ಅಭಾವವೆಂದು ತಿಳಿಯುವುದು ಸರಿಯಲ್ಲ. ವೀರಗಲ್ಲುಗಳ ಭಾಷೆಯೇ ಅಂಥದು. ಮಗನನ್ನು ಕಳೆದುಕೊಂಡ ತಂದೆಯೂ ಅಲ್ಲಿ ಕಲ್ಲು ನಿಲ್ಲಿಸುತ್ತಾನೆಯೇ ಹೊರತು ಅಳುವುದಿಲ್ಲ. ಅಳು ಮೌಖಿಕ ಪರಂಪರೆಗೆ, ಮುಖ್ಯವಾಗಿ ಹೆಣ್ಣುಮಕ್ಕಳ ಹಾಡಿಗೆ ಸೇರಿದ್ದು. ಗಮನಿಸಬೇಕಾದ ವ್ಯತ್ಯಾಸ ಬೇರೆ ಇದೆ. ವೀರಗಲ್ಲಿನ ರೂಢಿಯ ವಿನ್ಯಾಸದಲ್ಲಿ ಕೆಳಗೆ ಕಾಳಗ, ನಡುವೆ ಅಪ್ಸರೆಯರೊಡನೆ ಪಯಣ, ಮೇಲೆ ಶಿವಸನ್ನಿಧಿ. ಕಾಳಿಯ ಕಲ್ಲಿನಲ್ಲಿ ಕಾಳಗದ ದೃಶ್ಯ ಮಾತ್ರ ಇದೆ. ನಾಯಿಗೆ ಸ್ವರ್ಗವನ್ನು ಕೊಡಲು ಮಣಲೇರನಿಗೆ ಧೈರ್ಯ ಸಾಲಲಿಲ್ಲವೆಂದು ಒಬ್ಬರು ಹೇಳಬಹುದು. ಬೇಕೆನಿಸಲಿಲ್ಲವೆಂದು ಇನ್ನೊಬ್ಬರು ಹೇಳಬಹುದು. ಮಹಾಪ್ರಸ್ಥಾನದ ನಾಯಿಯೊಡನೆ ಇಟ್ಟು ನೋಡಿದರೆ ಎರಡನೆಯ ಅರ್ಥವೇ ಹೆಚ್ಚು ಒಪ್ಪುತ್ತದೆ. ಧರ್ಮರಾಯನ ಬೆನ್ನುಹತ್ತಿದ ನಾಯಿ ಕಡೆಗೆ ಯಮಧರ್ಮನಾಗಿ ಬದಲಾಗುತ್ತದೆ. ಗೌರವ ಪಡೆಯಲು ಅದು ನಾಯಿತನವನ್ನು ಬಿಟ್ಟುಕೊಡಬೇಕಾಯಿತು. ಕಾಳಿ ನಾಯಿಯಾಗಿ ಬದುಕಿ, ನಾಯಿಯ ಕೆಲಸ ಮಾಡುತ್ತ ಸತ್ತು, ನಾಯಿಯಾಗಿಯೇ ಪೂಜೆಗೊಂಡಿತು.

ಶಾಸನದ ಅತ್ಯಂತ ಮುಖ್ಯ ಭಾಗವೆಂದರೆ ಪೂಜೆಯ ಕಟ್ಟಳೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಗೈದ ಪಾಪಕ್ಕೆ ಗುರಿಯಾಗುತ್ತಾನೆ. ಬಿಟ್ಟ ಮಣ್ಣನ್ನು ಅಳಿದವನಿಗೂ ಅದೇ ಪಾಪ. ಮಣಲೇರನು ತನ್ನ ನೆನಪನ್ನು ಇನ್ನೊಬ್ಬನ ಹಸಿವಿಗೆ ಕಟ್ಟಿದ ರೀತಿ ಇದು. ಹಸಿವು ದಿನವೂ ಆಗುವುದರಿಂದ ನೆನಪೂ ದಿನವೂ ಆಗಬೇಕು. ಗೊರವನಿಗೆ ಕಾಳಿಯ ಮೇಲೆ ಪ್ರೀತಿಯಿರಬೇಕಾದ್ದಿಲ್ಲ. ಅವನು ಅದನ್ನು ನೋಡಿರಬೇಕಾದ್ದೂ ಇಲ್ಲ. ಅವನ ಮಗನಿಗೂ ಮೊಮ್ಮಗನಿಗೂ ಅನ್ನ ಬರುವುದು ಆ ಎರಡು ಖಂಡುಗದಿಂದ. ದುಃಖಿಸುವವನು ಸತ್ತ ಮೇಲೂ ಸ್ಮರಣೆ ನಡೆಯಬೇಕೆಂಬ ಹವಣಿಕೆ ಇಷ್ಟು ಬಿಚ್ಚಾಗಿ ಕಾಣುವ ಶಾಸನಗಳು ವಿರಳ.

ಇನ್ನು ‘ನಾಯಿ ಗೈದ ಪಾಪ’ದ ಮಾತು. ದತ್ತಿಯ ಶಾಸನಗಳಲ್ಲಿ ಶಾಪವೆಂದರೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ, ಬ್ರಾಹ್ಮಣನನ್ನು ಕೊಂದ ಪಾಪ. ಇಲ್ಲಿ ಆ ಜಾಗಕ್ಕೆ ಸ್ವತಃ ಕಾಳಿಯೇ ಬಂದಿದೆ. ಪೂಜೆಗೆ ಅರ್ಹವಾದ ಪ್ರಾಣಿಯೇ ಪಾಪದ ಅಳತೆಗೋಲೂ ಆಗಿರುವುದು ಮೇಲ್ನೋಟಕ್ಕೆ ವಿರೋಧಾಭಾಸ. ನಾಯಿಜನ್ಮವೇ ಪಾಪದ ಫಲವೆಂಬ ನಂಬಿಕೆಯ ನೆರಳು ಇದೆಂದು ಸುಲಭವಾಗಿ ವಿವರಿಸಿಬಿಡಬಹುದು. ಆದರೆ ಶಾಸನ ಹೇಳುತ್ತಿರುವುದು ನಾಯಿಯಾಗಿ ಹುಟ್ಟಿದ ಪಾಪವನ್ನಲ್ಲ, ನಾಯಿ ಗೈದ ಪಾಪವನ್ನು. ಬೇಟೆನಾಯಿ ಗೈಯುವ ಪಾಪ ಕೊಲೆಯಲ್ಲದೆ ಬೇರೆ ಯಾವುದು? ಆ ಕೊಲೆ ನಾಯಿಯದಷ್ಟೇ ಅಲ್ಲ, ಅದನ್ನು ಹಂದಿಯ ಮೇಲೆ ಬಿಟ್ಟವನದೂ ಹೌದು. ಕಾಳಿಯ ಲೆಕ್ಕದಲ್ಲಿ ಬರೆದ ಪಾಪ ಮಣಲೇರನ ಪಾಪವೇ ಆಗಿರಬಹುದೆಂಬ ಊಹೆಗೆ ಇಲ್ಲಿ ಎಡೆಯಿದೆ. ಇದನ್ನು ಸಾಧಿಸಿ ತೋರಿಸಲು ಒಂದೇ ಶಾಸನದ ಆಧಾರ ಸಾಲದು. ಆದರೂ ಪಾಪ ಮಾಡಬಲ್ಲ ಪ್ರಾಣಿಯೆಂದು ಒಪ್ಪುವುದು ಅದನ್ನು ವಸ್ತುವಿನ ಪಟ್ಟಿಯಿಂದ ತೆಗೆದು ಕರ್ತೃವಿನ ಪಟ್ಟಿಗೆ ಸೇರಿಸಿದಂತೆ ಎಂಬುದರಲ್ಲಿ ಸಂಶಯವಿಲ್ಲ.

ಗೊರವ ಎಂಬ ಶಬ್ದದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಮೈಲಾರಲಿಂಗನ ಗೊರವರು ತಮ್ಮನ್ನು ದೇವರ ನಾಯಿಗಳೆಂದು ಭಾವಿಸಿ ಬೊಗಳುವ, ದೋಣಿಗೆ ಸುರಿದ ಹಾಲು ಬಾಳೆಹಣ್ಣನ್ನು ನಾಯಿಗಳಂತೆ ಮುಗಿಬಿದ್ದು ತಿನ್ನುವ ಆಚರಣೆ ಮೈಲಾರ, ದೇವರಗುಡ್ಡಗಳಲ್ಲಿ ಪ್ರಸಿದ್ಧ. ಆತಕೂರಿನ ಗೊರವನನ್ನು ಈ ಪರಂಪರೆಗೆ ನೇರವಾಗಿ ಗಂಟುಹಾಕುವ ಆಸೆ ಜಾನಪದ ವಿದ್ವಾಂಸರಿಗೆ ಹುಟ್ಟುವುದು ಸಹಜ. ಹತ್ತನೆಯ ಶತಮಾನದ ಶಾಸನಗಳಲ್ಲಿ ಗೊರವನೆಂದರೆ ಶೈವ ಸ್ಥಾನಗಳ ತಪಸ್ವಿ, ಆಡಳಿತಗಾರ. ಶಬ್ದ ಒಂದೇ ಆದ ಮಾತ್ರಕ್ಕೆ ಆಚರಣೆಯೂ ಒಂದೇ ಆಗುವುದಿಲ್ಲ.

ಕಾಳಿಯ ಕಲ್ಲಿನ ವೈಶಿಷ್ಟ್ಯ ತಿಳಿಯಲು ನೆರೆಯ ತಮಿಳುನಾಡಿನ ಉದಾಹರಣೆಯೊಂದು ನೆರವಾಗುತ್ತದೆ. ತಿರುವಣ್ಣಾಮಲೈ ಜಿಲ್ಲೆಯ ಎಡುತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ ಕಾಲದ, ಅಂದರೆ ಏಳನೆಯ ಶತಮಾನದ ವೀರಗಲ್ಲೊಂದಿದೆ. ಅಲ್ಲಿ ವೀರನ ಬೆನ್ನಿಗೆ ಅವನ ನಾಯಿ ಕೋವಿವನ್ ನಿಂತಿದೆ. ಕಳ್ಳರನ್ನು ಕಚ್ಚಿ ಕಾವಲು ನಿಂತ ಅದರ ಹೆಸರೂ ಬರಹದಲ್ಲಿದೆ. ಕಾಲದಲ್ಲಿ ಇದು ಆತಕೂರಿಗಿಂತ ಹಳೆಯದು. ಆದರೆ ಕಲ್ಲು ಮನುಷ್ಯನದು, ನಾಯಿ ಅದರಲ್ಲಿ ಪಾಲುದಾರ. ಕಾಳಿಯ ಕಲ್ಲು ಕಾಳಿಯದೇ.

ಕಥನ ಪರಂಪರೆಯಲ್ಲಿ ನಾಯಿಯ ಸ್ಮಾರಕಗಳು ಬಹುತೇಕ ಪಶ್ಚಾತ್ತಾಪದಿಂದ ಹುಟ್ಟುತ್ತವೆ. ಛತ್ತೀಸ್‌ಗಢದ ಬಾಲೋದ್ ಜಿಲ್ಲೆಯ ಖಪ್ರಿಯ ಕುಕುರ್‌ದೇವ್ ಗುಡಿಯ ಐತಿಹ್ಯದಲ್ಲಿ ಬಂಜಾರನೊಬ್ಬ ಸಾಲಕ್ಕಾಗಿ ನಾಯಿಯನ್ನು ಸಾಹುಕಾರನಲ್ಲಿ ಒತ್ತೆಯಿಡುತ್ತಾನೆ. ಕಳವಾದ ಮಾಲನ್ನು ನಾಯಿ ತೋರಿಸಿಕೊಟ್ಟಿತೆಂದು ಮೆಚ್ಚಿದ ಸಾಹುಕಾರ ಚೀಟಿ ಕಟ್ಟಿ ಅದನ್ನು ಬಿಟ್ಟುಕಳುಹಿಸುತ್ತಾನೆ. ಓಡಿಬಂದಿತೆಂದು ತಿಳಿದ ಒಡೆಯ ಅದನ್ನು ಕೊಂದ ಮೇಲೆ ಚೀಟಿ ಓದುತ್ತಾನೆ. ಪಂಚತಂತ್ರದ ಮುಂಗುಸಿಯ ಕಥೆ, ವೇಲ್ಸ್‌ನ ಬೆಡ್‌ಗೆಲರ್ಟಿನ ಬೇಟೆನಾಯಿಯ ಕಥೆ ಇದೇ ಆಶಯದ ರೂಪಾಂತರಗಳು. ಇವುಗಳಲ್ಲಿ ಸತ್ತದ್ದು ನಾಯಿಯಾದರೂ ಕಥೆ ಮನುಷ್ಯನ ದುಡುಕಿನದು. ನಾಯಿಗಾಗಿ ಅಳಲು ಮನುಷ್ಯನಿಗೆ ಒಂದು ತಪ್ಪಿನ ನೆಪ ಬೇಕು ಎಂಬಂತಿದೆ ಈ ಕಥಾವರ್ಗ. ಆತಕೂರಿನ ಮಣಲೇರನಿಗೆ ಆ ನೆಪ ಬೇಕಾಗಲಿಲ್ಲ.

ಆದರೆ ಅವನಿಗೆ ಇನ್ನೊಂದು ಅನುಕೂಲವಿತ್ತು: ನೆಲ. ಆತಕೂರು ಅವನದಾಗಿದ್ದರಿಂದಲೇ ಕಲ್ಲಿಗೆ ಜಾಗವೂ ಗೊರವನಿಗೆ ಮಣ್ಣೂ ಒದಗಿದವು. ನೆಲವಿಲ್ಲದವನ ನಾಯಿ ಸತ್ತರೆ? ಇದಕ್ಕೆ ಶಾಸನಗಳಲ್ಲಿ ಉತ್ತರವಿಲ್ಲ, ಕಾದಂಬರಿಯಲ್ಲಿದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕೃತಿಯ ಗುತ್ತಿ ಹೊಲೆಯರವನು, ಹೆಗ್ಗಡೆಯ ಮನೆಯ ಜೀತದಾಳು. ಹುಲಿಯನೆಂಬ ನಾಯಿ ಸದಾ ಜೊತೆಗಿರುವುದರಿಂದ ಅವನಿಗೆ ನಾಯಿಗುತ್ತಿ ಎಂದೇ ಹೆಸರು. ತಿಮ್ಮಿಯನ್ನು ಹಾರಿಸಿಕೊಂಡು ಮಳೆಗಾಲದ ತುಂಗೆಯನ್ನು ದಾಟುವಾಗ ಹುಲಿಯ ಹೊಳೆಯ ಪಾಲಾಗುತ್ತದೆ. ಒಡೆಯನಿಂದ ತಪ್ಪಿಸಿಕೊಂಡು ಹೋಗುತ್ತಿರುವ ಜೀತದವನಿಗೆ ಹೆಣ ಸಿಕ್ಕುವುದಿಲ್ಲ, ಹೂಳಲು ಮಣ್ಣಿಲ್ಲ, ನಿಂತು ಅಳಲು ಹೊತ್ತೂ ಇಲ್ಲ. ಈ ಪ್ರಸಂಗವನ್ನು ಕಾದಂಬರಿಯ ಸಂಕೇತವಿನ್ಯಾಸದ ಭಾಗವಾಗಿಯಷ್ಟೇ ನೋಡುವ ವಿಮರ್ಶೆ ಅದರ ಸಾಮಾಜಿಕ ಸತ್ಯವನ್ನು ಕೈಬಿಡುತ್ತದೆ. ಮಣಲೇರನೂ ಆಳು, ಗುತ್ತಿಯೂ ಆಳು. ಒಬ್ಬನಿಗೆ ದುಃಖವನ್ನು ದತ್ತಿಯಾಗಿಸಲು ಬಂತು, ಇನ್ನೊಬ್ಬನಿಗೆ ಬರಲಿಲ್ಲ.

ಗ್ರಾಮಜೀವನದಲ್ಲಿ ಸಾಮಾನ್ಯರ ಸ್ಥಿತಿ ಇವೆರಡರ ನಡುವಿನದು. ಎತ್ತು ಸತ್ತರೆ ನೆರೆಹೊರೆಯವರು ಬಂದು ಮಾತಾಡಿಸುತ್ತಾರೆ. ಅದು ದುಡಿಮೆಯ ನಷ್ಟವೂ ಹೌದು. ನಾಯಿ ಸತ್ತರೆ ಸೂತಕವಿಲ್ಲ, ಮೂರನೆಯ ದಿನವಿಲ್ಲ, ಎಡೆಯಿಲ್ಲ. ಹೊಲದ ಬದುವಿನಲ್ಲೋ ಹಿತ್ತಿಲ ತೆಂಗಿನ ಬುಡದಲ್ಲೋ ಗುಂಡಿ ತೋಡಿ ಹೂಳುತ್ತಾರೆ. ಮಕ್ಕಳು ಅತ್ತರೆ ಸರಿ; ದೊಡ್ಡವರು ಅತ್ತರೆ ‘ಒಂದು ನಾಯಿಗೆ ಇಷ್ಟೆಲ್ಲಾನಾ’ ಎಂಬ ಮಾತು ಬರುತ್ತದೆ. ವಿಧಿಯಿಲ್ಲದ ದುಃಖಕ್ಕೆ ಮುಗಿಯುವ ದಿನವೂ ಇರುವುದಿಲ್ಲ. ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಿ 2010ರಲ್ಲಿ ಕಟ್ಟಲಾದ ನಾಯಿಗುಡಿಯ ಹಿನ್ನೆಲೆಯನ್ನು ಇಲ್ಲಿ ನೆನೆಯಬಹುದು. ಊರಿನಿಂದ ಕಾಣೆಯಾದ ಎರಡು ನಾಯಿಗಳಿಗೆ ಗುಡಿ ಕಟ್ಟುವಂತೆ ದೇವತೆ ಕೆಂಪಮ್ಮ ಕನಸಿನಲ್ಲಿ ಅಪ್ಪಣೆಯಿತ್ತಳೆಂಬುದು ಅಲ್ಲಿನ ಐತಿಹ್ಯ. ಪತ್ರಿಕೆಗಳು ಇದನ್ನು ವಿಚಿತ್ರ ಸುದ್ದಿಯಾಗಿ ಪ್ರಕಟಿಸಿದವು. ಊರಿನ ನಾಯಿಯ ಅಗಲಿಕೆಯನ್ನು ಬಹಿರಂಗವಾಗಿ ಒಪ್ಪಿಕೊಳ್ಳಲು ಸಮುದಾಯಕ್ಕೆ ದೇವತೆಯ ಅಪ್ಪಣೆ ಬೇಕಾಯಿತೆಂಬುದು ಅದರಲ್ಲಿ ವಿಚಾರಯೋಗ್ಯವಾದ ಅಂಶ.

ಆತಕೂರಿನ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸಾಗಿಸಲಾಯಿತು. ಮಳೆಬಿಸಿಲಿನಿಂದ ಅದು ಉಳಿದದ್ದು ದೊಡ್ಡ ಉಪಕಾರ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಶಾಸನ ಕೇಳಿದ್ದು ನೋಡುಗರನ್ನಲ್ಲ, ಉಣ್ಣುವ ಮೊದಲು ಬಂದು ನಿಲ್ಲುವ ಒಬ್ಬನನ್ನು. ಕೆರೆಯ ಕೆಳಗಿನ ಎರಡು ಖಂಡುಗದಿಂದ ಬೇರ್ಪಟ್ಟ ಕಲ್ಲು ಚರಿತ್ರೆಯ ಆಕರವಾಗಿ ಉಳಿದು, ಸ್ಮರಣೆಯ ಸ್ಥಾನವಾಗಿ ಮುಗಿಯಿತು.

ಕಲ್ಲೂ ಇಲ್ಲದ, ನೆಲವೂ ಬೇಡದ ಇನ್ನೊಂದು ಬಗೆಯ ಸ್ಮರಣೆ ಮನೆಗಳಲ್ಲಿ ಸದ್ದಿಲ್ಲದೆ ನಡೆದುಬಂದಿದೆ. ಜಾನಪದ ಸಂಗ್ರಹಗಳು ಅದನ್ನು ಗಂಭೀರವಾಗಿ ದಾಖಲಿಸಿದಂತಿಲ್ಲ. ಅದು ಹೆಸರಿನ ಮರುಬಳಕೆ. ಕರಿಯ ಸತ್ತ ಮನೆಗೆ ಬರುವ ಮರಿಯನ್ನೂ ಕೆಲವರು ಕರಿಯನೆಂದೇ ಕೂಗುತ್ತಾರೆ; ಮರಿಯ ಬಣ್ಣ ಕೆಂಪಾಗಿದ್ದರೂ ಸರಿಯೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಕ್ರಮವೇ ಇಲ್ಲಿ ನಾಯಿಗೂ ಹರಿದಿದೆ. ಹಳಬರು ‘ಹಿಂದಿನ ಕರಿಯ’, ‘ಈ ಕರಿಯ’ ಎಂದು ಬೇರ್ಪಡಿಸಿ ಮಾತನಾಡುತ್ತಾರೆ. ಮಕ್ಕಳಿಗೆ ಆ ಭೇದ ತಿಳಿಯದು. ಕೂಗಿದಾಗ ಓಡಿಬರುವುದು ಒಂದೇ ನಾಯಿ. ಕಾಳಿ ಎಂಬ ಹೆಸರೂ ಮೂಲದಲ್ಲಿ ಕಪ್ಪು ಬಣ್ಣವನ್ನು ಸೂಚಿಸುವ ಇಂಥದೇ ಒಂದು ಮನೆಮಾತಿನ ಹೆಸರಾಗಿದ್ದೀತು. ಮಣಲೇರನ ಮನೆಯಲ್ಲಿ ಅದಾದ ಮೇಲೆ ಇನ್ನೊಂದು ಕಾಳಿ ಇತ್ತೇ ಎಂಬುದನ್ನು ಯಾವ ಕಲ್ಲೂ ಬರೆದಿಟ್ಟಿಲ್ಲ.